ಬೈದುಕೊಂಡವರೆಲ್ಲ ಉದ್ಧಾರವಾಗಿದ್ದರೆ

ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಗುತ್ತ ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ. ಈ ಗಾದೆ ಕಿವಿಗೆ ಬೀಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಬೈಯುವ ಅಪ್ಪ, ಬೈಯುವ ಮೇಷ್ಟ್ರು, ಬೈಯುವ ಸೋದರಮಾವ ಎಲ್ಲರೂ ಇದರ ಆಸರೆಯಲ್ಲೇ ಬೈದಿದ್ದಾರೆ. ಅವರು ಪಕ್ಕದಲ್ಲಿ ಇಲ್ಲದ ವಯಸ್ಸು ಬಂದ ಮೇಲೆ ಆ ಕೆಲಸವನ್ನು ನಾವೇ ವಹಿಸಿಕೊಳ್ಳುತ್ತೇವೆ. ಬೆಳಿಗ್ಗೆ ಏಳುವುದು ತಡವಾದರೆ ಸೋಮಾರಿ, ಹಾಲು ಉಕ್ಕಿ ಹೋದರೆ ಮೈಮೇಲೆ ಪ್ರಜ್ಞೆ ಇಲ್ಲದವಳು, ಸಂದರ್ಶನದಲ್ಲಿ ತಡವರಿಸಿದರೆ ಯಾವುದಕ್ಕೂ ಲಾಯಕ್ಕಿಲ್ಲದವನು. ಹೊರಗಿನವರು ಇದರಲ್ಲಿ ಅರ್ಧದಷ್ಟು ಅಂದಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದೆವು. ನಮಗೆ ನಾವೇ ಅಂದುಕೊಂಡಾಗ ಮಾತ್ರ ಅದಕ್ಕೆ ಶಿಸ್ತು, ಆತ್ಮಾವಲೋಕನ, ಜವಾಬ್ದಾರಿ ಎಂಬ ದೊಡ್ಡ ದೊಡ್ಡ ಹೆಸರು.

ಆ ಹೆಸರುಗಳಿಗೆ ಈ ಬೈಗುಳ ಅರ್ಹವಲ್ಲ ಎನ್ನುವುದು ನನ್ನ ತಕರಾರು.

ಎದುರು ಪಕ್ಷದ ವಾದವನ್ನು ಮೊದಲು ನ್ಯಾಯವಾಗಿ ಹೇಳಿಬಿಡುತ್ತೇನೆ. ಮನುಷ್ಯ ಬಿಟ್ಟರೆ ಜಾರುವ ಪ್ರಾಣಿ. ತಪ್ಪು ಮಾಡಿದಾಗ ನೋವಾಗದಿದ್ದರೆ ಅದನ್ನೇ ಮತ್ತೆ ಮಾಡುತ್ತಾನೆ. ಆ ನೋವನ್ನು ಹುಟ್ಟಿಸುವುದೇ ಒಳಗಿನ ಬೈಗುಳ. ಸಾಧಿಸಿದವರನ್ನು ನೋಡಿ, ಯಾರೂ ತಮ್ಮ ಬಗ್ಗೆ ಸಡಿಲವಾಗಿರಲಿಲ್ಲ. ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತ ಹೋದವನು ಮಧ್ಯಾಹ್ನದವರೆಗೆ ಮಲಗುತ್ತಾನೆ, ಸಾಲ ಮಾಡುತ್ತಾನೆ, ಕೊನೆಗೆ ಹೆಂಡತಿ ಮಕ್ಕಳ ತಲೆ ಮೇಲೆ ಕೂರುತ್ತಾನೆ. ವಾದ ಕೇಳಲು ಗಟ್ಟಿಯಾಗಿದೆ. ಭಾಷಣಕಾರರು ವೇದಿಕೆಯಲ್ಲಿ ಇದನ್ನೇ ಹೇಳುತ್ತಾರೆ, ಜಿಮ್ಮಿನ ಗೋಡೆಯ ಮೇಲೂ ಇದೇ, ಮೊಬೈಲಿನ ರೀಲ್ಸ್‌ನಲ್ಲೂ ಇದೇ. ತರಗತಿಯಲ್ಲಿ ನಾವು ಉಪನ್ಯಾಸಕರು ಹೇಳುವುದೂ ಬಹುತೇಕ ಇದನ್ನೇ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಹುಡುಗರು ಲೆಕ್ಕ ಮಾಡಿದ ನೋಟ್‌ಪುಸ್ತಕಗಳನ್ನು ತಿರುವಿ ಹಾಕುವುದು ನನ್ನ ಕಸುಬು. ಒಮ್ಮೆ ಒಂದು ಪುಸ್ತಕದಲ್ಲಿ ಒಂದು ಪುಟ ನನ್ನನ್ನು ಹಿಡಿದು ನಿಲ್ಲಿಸಿತು. ಮೇಲಕ್ಕೆ ಎಸೆದ ಕಲ್ಲಿನ ಲೆಕ್ಕ ಅದು, ಪಠ್ಯದಲ್ಲಿ ಎಲ್ಲರೂ ಮಾಡಿರುವಂಥದ್ದು. ಹುಡುಗ ಮೊದಲ ಎರಡು ಸಾಲು ಸರಿಯಾಗಿ ಬರೆದಿದ್ದ. ಮೂರನೇ ಸಾಲಿನಲ್ಲಿ ಗುರುತ್ವಾಕರ್ಷಣೆಗೆ ಹಾಕಬೇಕಾದ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಉತ್ತರ ತಾಳೆಯಾಗಲಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದ: ‘ಥೂ ದಡ್ಡ. ಇಷ್ಟು ಸುಲಭದ್ದೂ ಬರಲ್ಲ. ಅಪ್ಪನ ದುಡ್ಡು ದಂಡ.’ ಪುಟದ ಉಳಿದ ಭಾಗ ಖಾಲಿ. ಮುಂದಿನ ಪುಟದಲ್ಲಿ ಬೇರೆ ಅಧ್ಯಾಯ ಶುರು.

ಬಿಟ್ಟುಹೋದ ಆ ಮೈನಸ್ ಚಿಹ್ನೆಯನ್ನು ಅವನು ಹುಡುಕಿಯೇ ಇರಲಿಲ್ಲ. ತನಗೆ ತಾನು ಶಿಕ್ಷೆ ಕೊಟ್ಟುಕೊಂಡ, ಕಡತ ಮುಚ್ಚಿದ. ಲೆಕ್ಕ ತಪ್ಪಾಗಿಯೇ ಉಳಿಯಿತು. ನಾವು ಆತ್ಮವಿಮರ್ಶೆ ಎಂದು ಬೆನ್ನು ತಟ್ಟಿಕೊಳ್ಳುವ ಸಂಗತಿ ನಿಜವಾಗಿ ಮಾಡುವ ಕೆಲಸ ಇದು. ವಿಮರ್ಶೆ ಮಾಡುವವನು ಎಲ್ಲಿ ತಪ್ಪಿತು ಎಂದು ನೋಡಬೇಕು. ಬೈದುಕೊಳ್ಳುವವನಿಗೆ ನೋಡುವ ಗೋಜೇ ಇಲ್ಲ, ಏಕೆಂದರೆ ತೀರ್ಪು ಆಗಲೇ ಬಂದಿದೆ: ತಪ್ಪಿರುವುದು ಮೂರನೇ ಸಾಲಲ್ಲ, ಇಡೀ ಮನುಷ್ಯ. ಇಡೀ ಮನುಷ್ಯನೇ ತಪ್ಪಾದ ಮೇಲೆ ತಿದ್ದುವುದೇನನ್ನು? ತೋಟದ ಪಂಪ್‌ಸೆಟ್ ನಿಂತರೆ ಸಿಟ್ಟಿಗೆ ಒಂದು ಒದೆ ಕೊಡುವ ರೈತನೂ ಆಮೇಲೆ ಫ್ಯೂಸ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಎಂದು ಬಿಚ್ಚಿ ನೋಡುತ್ತಾನೆ. ನಮ್ಮ ವಿಷಯದಲ್ಲಿ ನಾವು ಒದೆಗೇ ನಿಲ್ಲಿಸುತ್ತೇವೆ, ರಿಪೇರಿ ಆಯಿತು ಎಂದು ನಂಬುತ್ತೇವೆ.

ಹಾಗಾದರೆ ಇಷ್ಟು ಜನ, ಇಷ್ಟು ಕಾಲ, ಬೈದುಕೊಂಡರೆ ಸುಧಾರಿಸುತ್ತೇವೆ ಎಂದು ಹೇಗೆ ನಂಬಿದರು? ಎಲ್ಲರೂ ಮೂರ್ಖರೇ? ಅಲ್ಲ. ಅವರ ಕಣ್ಣೆದುರಿಗೆ ಪುರಾವೆ ಇತ್ತು. ಪುರಾವೆಯೇ ಮೋಸದ್ದು.

1960ರ ದಶಕದಲ್ಲಿ ಡೇನಿಯಲ್ ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳಲು ಹೋಗಿದ್ದರು. ತಪ್ಪಿಗೆ ಶಿಕ್ಷೆ ಕೊಡುವುದಕ್ಕಿಂತ ಸುಧಾರಣೆಯನ್ನು ಮೆಚ್ಚಿದರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂಬುದು ಅವರ ಪಾಠ. ನುರಿತ ತರಬೇತುದಾರನೊಬ್ಬ ಎದ್ದು ನಿಂತು ಇದು ಸುಳ್ಳು ಎಂದ. ವಿಮಾನವನ್ನು ಚೆನ್ನಾಗಿ ಪಲ್ಟಿ ಹೊಡೆಸಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡಿಸುತ್ತಾನೆ, ಕೆಡಿಸಿದವನಿಗೆ ಇಯರ್‌ಫೋನಿನಲ್ಲಿ ಕಿರುಚಿ ಬೈದರೆ ಮುಂದಿನ ಸಲ ಸರಿ ಮಾಡುತ್ತಾನೆ, ಇದು ತನ್ನ ಅನುಭವ ಎಂದ. ನಮ್ಮ ಗಾದೆಯನ್ನು ಕೇಳಿರದ ಆ ಮನುಷ್ಯ ಅದನ್ನೇ ಹೇಳುತ್ತಿದ್ದ.

ಕಾಹ್ನೆಮನ್ ಅವನೊಂದಿಗೆ ವಾದಕ್ಕೆ ಇಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರಿ ಬರೆದರು. ಪ್ರತಿಯೊಬ್ಬ ಅಧಿಕಾರಿಯೂ ಗುರಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ನೋಡದೆ, ಎರಡು ಸಲ ನಾಣ್ಯ ಎಸೆಯಬೇಕು. ಮೊದಲ ಎಸೆತ ಗುರಿಯ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೇ ಎಸೆತ ದೂರ ಹೋಯಿತು. ಮೊದಲು ದೂರ ಎಸೆದವರಲ್ಲಿ ಹೆಚ್ಚಿನವರ ಎರಡನೆಯದು ಹತ್ತಿರ ಬಂತು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದೂ ಇರಲಿಲ್ಲ. ತೀರಾ ಒಳ್ಳೆಯದರ ನಂತರ, ತೀರಾ ಕೆಟ್ಟದರ ನಂತರ, ಸಾಮಾನ್ಯವಾಗಿ ಬರುವುದು ಸರಾಸರಿಯ ಹತ್ತಿರದ್ದೇ. ಎತ್ತರದ ತಂದೆತಾಯಿಗಳ ಮಕ್ಕಳ ಎತ್ತರವನ್ನು ನೋಡಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಇದನ್ನು ಬರೆದಿಟ್ಟಿದ್ದ. ಕಾಹ್ನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆದರೆ ತಮ್ಮ ವೃತ್ತಿಬದುಕಿನ ಅತ್ಯಂತ ಸಂತೋಷದ ಹೊಳಹು ಆ ತರಗತಿಯದ್ದು ಎಂದೇ ಅವರು ನೆನೆಯುತ್ತಿದ್ದರು.

ಇದನ್ನು ನಮ್ಮ ಕಿರುಪರೀಕ್ಷೆಗೆ ತನ್ನಿ. ಸುಮಾರು 60 ಅಂಕದ ತಯಾರಿ ಇರುವ ಹುಡುಗಿ. ಒಂದು ಸಲ ಓದಿದ್ದೇ ಬಂದು 72 ಬರುತ್ತದೆ, ಒಂದು ಸಲ ಹಿಂದಿನ ರಾತ್ರಿ ನಿದ್ದೆಗೆಟ್ಟು 48ಕ್ಕೆ ಇಳಿಯುತ್ತದೆ. 72ರ ಮುಂದಿನ ಪರೀಕ್ಷೆಯಲ್ಲಿ ಇಳಿಯುವುದು ಸಹಜ, 48ರ ಮುಂದಿನದರಲ್ಲಿ ಏರುವುದೂ ಸಹಜ. ಮನೆಯವರು ಏನು ಮಾಡುತ್ತಾರೆ? 72ಕ್ಕೆ ಹೊಗಳುತ್ತಾರೆ, ಆಮೇಲೆ ಇಳಿದಾಗ ‘ಹೊಗಳಿದ್ದೇ ತಪ್ಪಾಯ್ತು’ ಎನ್ನುತ್ತಾರೆ. 48ಕ್ಕೆ ಉಗಿಯುತ್ತಾರೆ, ಆಮೇಲೆ ಏರಿದಾಗ ‘ನೋಡಿದ್ಯಾ, ಉಗಿದಿದ್ದಕ್ಕೆ ದಾರಿಗೆ ಬಂತು’ ಎನ್ನುತ್ತಾರೆ. ಹುಡುಗಿಯೂ ತನ್ನೊಳಗೆ ಇದೇ ಖಾತೆ ಇಡಲು ಕಲಿಯುತ್ತಾಳೆ. ನಾವು ನಮ್ಮನ್ನು ಬೈದುಕೊಳ್ಳುವುದು ನಮ್ಮ ಅತಿ ಕೆಟ್ಟ ದಿನಗಳಲ್ಲಿ. ಅತಿ ಕೆಟ್ಟ ದಿನದ ಮರುದಿನ ಬಹುಪಾಲು ಅದಕ್ಕಿಂತ ಚೆನ್ನಾಗಿಯೇ ಇರುತ್ತದೆ, ಬೈದರೂ, ಬಿಟ್ಟರೂ. ಕೀರ್ತಿ ಮಾತ್ರ ಪುಕ್ಕಟೆಯಾಗಿ ಬೈಗುಳಕ್ಕೆ. ಶತಮಾನಗಳಿಂದ ದಂಡಂ ದಶಗುಣಂ ಎಂದವರ ಅನುಭವವೆಲ್ಲ ಸುಳ್ಳಲ್ಲ. ಅನುಭವ ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು.

ಬೈಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿದವರಿದ್ದಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಒಂದು ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಪದಜ್ಞಾನದ ಬಲು ಕಷ್ಟದ ಪರೀಕ್ಷೆ ಕೊಟ್ಟರು, ಎಲ್ಲರೂ ಮುಗ್ಗರಿಸುವಂಥದ್ದು. ಆಮೇಲೆ ಒಂದು ಗುಂಪಿಗೆ, ಇದು ಕಷ್ಟದ್ದೇ, ಬಹಳ ಜನಕ್ಕೆ ಹೀಗೇ ಆಗುತ್ತದೆ, ನಿಮ್ಮ ಮೇಲೆ ನೀವು ಕಠಿಣವಾಗಬೇಡಿ ಎಂದರು. ಇನ್ನೊಂದು ಗುಂಪಿಗೆ, ಬರ್ಕ್ಲಿಗೆ ಸೇರಿದ್ದೀರಿ ಎಂದರೆ ನೀವು ಜಾಣರೇ ಇರಬೇಕು ಎಂದರು. ಮೂರನೇ ಗುಂಪಿಗೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಎಷ್ಟು ಹೊತ್ತು ಬೇಕಾದರೂ ಓದಿಕೊಳ್ಳಬಹುದಿತ್ತು. ಹೆಚ್ಚು ಹೊತ್ತು ಓದಿದ್ದು ಮೊದಲ ಗುಂಪು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಓದನ್ನು ನಾಳೆಗೆ ತಳ್ಳಿ ಮೊದಲ ಪರೀಕ್ಷೆ ಬರೆದವರಲ್ಲಿ, ಹಾಗೆ ತಳ್ಳಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಅಷ್ಟಾಗಿ ತಳ್ಳಲಿಲ್ಲ. ಕ್ಷಮಿಸಿಕೊಂಡರೆ ಸೋಮಾರಿಯಾಗುತ್ತಾರೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ನನಗಂತೂ ಕಾರಣ ಸರಳವಾಗಿ ಕಾಣುತ್ತದೆ. ಪುಸ್ತಕ ತೆಗೆದರೆ ಬೈಗುಳ ಶುರುವಾಗುತ್ತದೆ ಎಂದು ಗೊತ್ತಿರುವವನು ಪುಸ್ತಕವನ್ನೇ ತೆಗೆಯುವುದಿಲ್ಲ. ಓದಿಗಿಂತ ಓದಿನ ಜೊತೆಗೆ ಬರುವ ಆ ಒಳಗಿನ ಮಂಗಳಾರತಿಗೆ ಹೆದರುತ್ತಾನೆ.

ಇವು ಒಂದೊಂದು ಕಾಲೇಜಿನ ಹುಡುಗರ ಮೇಲೆ ನಡೆದ ಸಣ್ಣ ಅಧ್ಯಯನಗಳು, ವೇದವಾಕ್ಯವೆಂದು ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. ನಮ್ಮ ಮನೆಗಳನ್ನೇ ನೋಡಿದರೂ ಸಾಕು. ಸಕ್ಕರೆ ಕಾಯಿಲೆಯವರು ಯುಗಾದಿಯ ದಿನ ಒಂದು ಹೋಳಿಗೆ ತಿನ್ನುತ್ತಾರೆ. ತಿಂದ ಕ್ಷಣವೇ ‘ನನಗೆ ನಾಲಿಗೆ ಮೇಲೆ ಹಿಡಿತವೇ ಇಲ್ಲ, ನಾನು ಹಾಳಾಗಿ ಹೋದೆ’ ಎಂದು ಶುರುಮಾಡುತ್ತಾರೆ. ಅದರ ಬೆನ್ನಲ್ಲೇ ಬರುವ ಮಾತು: ‘ಹೇಗೂ ಕೆಟ್ಟಾಯ್ತಲ್ಲ, ಇನ್ನೊಂದು ಹಾಕು.’ ಸಂಜೆಗೆ ನಾಲ್ಕು ಹೋಳಿಗೆ, ಮರುದಿನ ಗ್ಲುಕೋಮೀಟರನ್ನು ಬೀರುವಿನಿಂದ ಹೊರಗೇ ತೆಗೆಯುವುದಿಲ್ಲ. ಒಂದು ಹೋಳಿಗೆ ಮಾಡದ ಹಾನಿಯನ್ನು ಬೈಗುಳ ಮಾಡಿತು. 2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಅಮೆರಿಕದಲ್ಲಿ ಡೋನಟ್ ಇಟ್ಟುಕೊಂಡು ಪರೀಕ್ಷಿಸಿದ್ದು ಇದನ್ನೇ. ಪಥ್ಯದಲ್ಲಿದ್ದ ಯುವತಿಯರಿಗೆ ಡೋನಟ್ ತಿನ್ನಿಸಿ, ಕೆಲವರಿಗೆ ಎಲ್ಲರೂ ಒಮ್ಮೊಮ್ಮೆ ತಿನ್ನುತ್ತಾರೆ, ಅದಕ್ಕೆ ಕೊರಗಬೇಡಿ ಎಂದು ಸಮಾಧಾನ ಹೇಳಿ, ಆಮೇಲೆ ಎದುರಿಗೆ ಮಿಠಾಯಿ ಇಟ್ಟರು. ಸಮಾಧಾನ ಕೇಳಿಸಿಕೊಂಡವರೇ ಕಡಿಮೆ ತಿಂದರು.

ಇಷ್ಟು ಹೇಳಿದ ಕೂಡಲೇ, ಇದು ಪಶ್ಚಿಮದವರ ‘ನಿನ್ನನ್ನು ನೀನು ಪ್ರೀತಿಸು’ ವ್ಯಾಪಾರ ಎಂದು ಹಂಗಿಸುವವರಿದ್ದಾರೆ. ಆ ವ್ಯಾಪಾರದ ಬಗ್ಗೆ ನನಗೂ ಅವರಷ್ಟೇ ತಾತ್ಸಾರವಿದೆ. ಸುಗಂಧದ ಮೇಣದಬತ್ತಿ, ಮುಖಕ್ಕೆ ಹಚ್ಚುವ ಲೇಪ, ಸಕಲೇಶಪುರದ ರೆಸಾರ್ಟಿನಲ್ಲಿ ವಾರಾಂತ್ಯ ಇವನ್ನೆಲ್ಲ ‘ಸೆಲ್ಫ್ ಕೇರ್’ ಎಂದು ಮಾರುವವರಿಗೆ ನಾನು ವಕಾಲತ್ತು ಹಾಕಿಲ್ಲ. ಕನ್ನಡಿಯ ಮುಂದೆ ನಿಂತು ‘ನಾನು ಅದ್ಭುತ’ ಎಂದು ಹೇಳಿಕೊಳ್ಳುವ ಪಂಥದ ಮೇಲೂ ನಂಬಿಕೆಯಿಲ್ಲ. ಕ್ಯಾಲಿಫೋರ್ನಿಯಾ ಸರ್ಕಾರ 1986ರಲ್ಲಿ ಆತ್ಮಗೌರವ ಹೆಚ್ಚಿಸುವುದಕ್ಕೆಂದೇ ಒಂದು ಕಾರ್ಯಪಡೆ ನೇಮಿಸಿತ್ತು. ತನ್ನ ಬಗ್ಗೆ ತನಗೆ ಅಭಿಮಾನ ಹೆಚ್ಚಿದರೆ ಅಪರಾಧ, ವ್ಯಸನ, ಓದಿನ ಸೋಲು ಎಲ್ಲ ಕಡಿಮೆಯಾಗುತ್ತವೆ ಎಂಬ ಆಸೆ. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತಿತರರು ಅಷ್ಟೂ ಸಂಶೋಧನೆಗಳನ್ನು ಒಟ್ಟಿಗೆ ಜಾಲಾಡಿದಾಗ, ಅಭಿಮಾನ ಹೆಚ್ಚಿಸಿದ್ದರಿಂದ ಓದು ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಬರ್ಕ್ಲಿಯ ಎರಡನೇ ಗುಂಪು ನೆನಪಿದೆಯಲ್ಲ, ನೀವು ಜಾಣರೇ ಎಂದು ಹೊಗಳಿಸಿಕೊಂಡವರು? ಅವರು ಹೆಚ್ಚು ಓದಲಿಲ್ಲ.

ಅದೇ 2003ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಎಂಬಾಕೆ ಬೇರೆಯದೇ ದಾರಿ ತೋರಿಸಿದರು. ತನ್ನ ಬಗ್ಗೆ ದಯೆ ಎಂದರೆ ತನ್ನನ್ನು ದೊಡ್ಡವನೆಂದು ಎಣಿಸುವುದಲ್ಲ. ಸೋತಾಗ ತನ್ನೊಡನೆ ಮೆದುವಾಗಿ ನಡೆದುಕೊಳ್ಳುವುದು, ಸೋಲು ಮನುಷ್ಯರೆಲ್ಲರ ಪಾಡು ಎಂದು ತಿಳಿಯುವುದು, ಆದದ್ದನ್ನು ಹಿಗ್ಗಿಸದೆ ಮುಚ್ಚಿಡದೆ ಇದ್ದಂತೆ ನೋಡುವುದು, ಈ ಮೂರೂ ಕೂಡಿದರೆ ಅದು. ಮೂರನೆಯದನ್ನು ಗಮನಿಸಿ. ಮುಚ್ಚಿಡದೆ ನೋಡುವುದು. ಇದು ಬೈದುಕೊಳ್ಳುವುದಕ್ಕಿಂತ ಕಷ್ಟದ ಕೆಲಸ. ನಾನು ಕೆಟ್ಟ ಅಪ್ಪ ಎಂದು ಗೋಳಾಡಲು ಎರಡು ನಿಮಿಷ ಸಾಕು. ನಿನ್ನೆ ಆಫೀಸಿನ ಸಿಟ್ಟನ್ನು ಊಟದ ಹೊತ್ತಿನಲ್ಲಿ ಮಗಳ ಮೇಲೆ ತೀರಿಸಿದೆ, ಇವತ್ತು ಅವಳ ಹತ್ತಿರ ಹೋಗಿ ತಪ್ಪಾಯಿತು ಎನ್ನಬೇಕು ಎಂದುಕೊಳ್ಳಲು ಎದೆಗಾರಿಕೆ ಬೇಕು. ಮೊದಲನೆಯದರಲ್ಲಿ ಮಗಳೇ ಇಲ್ಲ, ಇರುವುದು ಅಪ್ಪ ಒಬ್ಬನೇ. ಬೈದುಕೊಳ್ಳುವುದು ವಿನಯದ ವೇಷ ಹಾಕಿಕೊಂಡ ಸ್ವಾರ್ಥ ಎಂದು ನಾನು ಅನ್ನುವುದು ಇದಕ್ಕೇ.

ಇನ್ನು ನಮ್ಮ ಪರಂಪರೆಯನ್ನೇ ಸಾಕ್ಷಿಗೆ ಕರೆಯುವವರು. ಶರಣರು ತಮ್ಮನ್ನು ತಾವು ಹೀಗಳೆದುಕೊಳ್ಳಲಿಲ್ಲವೇ, ದಾಸರು ತಮ್ಮನ್ನು ಪಾಪಿ ಎಂದು ಕರೆದುಕೊಳ್ಳಲಿಲ್ಲವೇ ಎಂದು ಕೇಳುತ್ತಾರೆ. ಹೌದು. ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕೆಳಗಿಟ್ಟುಕೊಂಡ ವಚನಗಳಿವೆ, ಪುರಂದರದಾಸರ, ಕನಕದಾಸರ ಹಾಡುಗಳಲ್ಲಿ ತಮ್ಮ ದೋಷಗಳ ದೊಡ್ಡ ಪಟ್ಟಿಗಳೇ ಇವೆ. ಆದರೆ ಯಾರ ಮುಂದೆ? ಕೂಡಲಸಂಗಮನ ಮುಂದೆ, ವಿಠಲನ ಮುಂದೆ, ಕಾಗಿನೆಲೆಯಾದಿಕೇಶವನ ಮುಂದೆ. ಕೇಳಿಸಿಕೊಳ್ಳುವವನು ಕರುಣಾಳು ಎಂಬ ಗಟ್ಟಿ ನಂಬಿಕೆ ಇದ್ದುದರಿಂದಲೇ ಅವರು ಅಷ್ಟು ಬಿಚ್ಚಿ ಹೇಳಿಕೊಳ್ಳಬಲ್ಲವರಾದರು. ಕೈಬಿಡಬೇಡ ಎಂಬ ಮೊರೆ ಅದೇ ಹಾಡಿನಲ್ಲಿ ಇರುತ್ತದೆ. ಇಂದು ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ತನ್ನನ್ನು ಹಳಿದುಕೊಳ್ಳುವವನ ಎದುರು ಅಂಥ ಕೇಳುಗ ಯಾರಿದ್ದಾನೆ? ಆರೋಪಿ ಅವನೇ, ಸಾಕ್ಷಿ ಅವನೇ, ನ್ಯಾಯಾಧೀಶನೂ ಅವನೇ, ವಕೀಲ ಮಾತ್ರ ಇಲ್ಲ. ದಾಸರ ಆತ್ಮನಿವೇದನೆಯಿಂದ ಕರುಣೆಯನ್ನು ಕಿತ್ತುಹಾಕಿ ನಿಂದೆಯನ್ನಷ್ಟೇ ಉಳಿಸಿಕೊಂಡು ಅದನ್ನು ಪರಂಪರೆ ಎನ್ನುವುದು ಪರಂಪರೆಗೆ ಮಾಡುವ ಅವಮಾನ.

ಪರಂಪರೆಯಲ್ಲಿ ತಿದ್ದುವ ಬಗೆ ಬೇಕಾದರೆ ಆಯ್ದಕ್ಕಿ ಲಕ್ಕಮ್ಮನನ್ನು ನೋಡಬೇಕು. ಕಲ್ಯಾಣದಲ್ಲಿ ನೆಲದ ಮೇಲೆ ಬಿದ್ದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಖಾರವಾಗಿಯೇ ಪ್ರಶ್ನಿಸಿದಳು, ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅವಳು ಮೆತ್ತಗಾಗಲಿಲ್ಲ, ತಪ್ಪನ್ನು ತಪ್ಪೆಂದೇ ಕರೆದಳು. ಆದರೆ ತಿದ್ದುವುದಕ್ಕೆ ಒಂದು ಕೆಲಸ ಹೇಳಿದಳು, ಕೆಲಸ ಮುಗಿದ ಮೇಲೆ ಮಾತು ಮುಗಿಯಿತು. ಗಾದೆಯಲ್ಲಿರುವ ‘ಬೈದು ಹೇಳುವವರು’ ಇವಳಂಥವರು, ಹೇಳುವುದಕ್ಕೆ ಅವರ ಹತ್ತಿರ ಒಂದು ವಿಷಯ ಇರುತ್ತದೆ. ನಮ್ಮ ಒಳಗಿನ ಬೈಗುಳದ ಹತ್ತಿರ ವಿಷಯವಿಲ್ಲ, ಬರೀ ಬಿರುದುಗಳು. ಡಿ.ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ಕಗ್ಗದಲ್ಲಿ ಕವಿ ತನ್ನನ್ನೇ ಮಂಕುತಿಮ್ಮ ಎಂದು ಕರೆದುಕೊಳ್ಳುತ್ತಾನೆ. ಅದೂ ಬೈಗುಳವೇ. ಆದರೆ ಸಂಜೆ ಜೊತೆಗೆ ವಾಕಿಂಗ್ ಹೋಗುವ ಗೆಳೆಯನನ್ನು ಕರೆಯುವ ಹಾಗಿದೆ ಅದರ ಧಾಟಿ. ಐದನೇ ಶತಮಾನದಲ್ಲಿ ಸಿಂಹಳದಲ್ಲಿ ಕೂತು ವಿಶುದ್ಧಿಮಾರ್ಗ ಬರೆದ ಬುದ್ಧಘೋಷನಂತೂ ಮೈತ್ರಿಯ ಸಾಧನೆಯನ್ನು ಮೊದಲು ತನ್ನಿಂದಲೇ ಆರಂಭಿಸಬೇಕು ಎಂದು ವಿಧಿಸಿದ. ಇದು ಅಮೆರಿಕದಿಂದ ಆಮದಾದ ಸರಕಲ್ಲ.

ನಮ್ಮ ಕಾನೂನು ಕೂಡ ಈ ವಿಷಯದಲ್ಲಿ ನಮಗಿಂತ ಮುಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಹುಡುಗನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿದ್ದ ಮಾತುಗಳನ್ನು ಆರನೇ ತರಗತಿಯ ಮಗುವಿಗೆ ಮೇಷ್ಟ್ರೊಬ್ಬರು ದಿನಾ ಹೇಳಿದರೆ ಶಿಸ್ತುಕ್ರಮಕ್ಕೆ ಗುರಿಯಾಗಬೇಕಾದೀತು.

ಬೈದುಕೊಳ್ಳುವ ಚಟದಿಂದ ಯಾರಿಗೆ ಲಾಭ ಎಂದೂ ಕೇಳಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರವೇ ಬರಪೀಡಿತ ಎಂದು ಘೋಷಿಸಿತು. ಆ ವರ್ಷ ಬಿತ್ತಿದ್ದು ಒಣಗಿ ಸಾಲ ಹೊತ್ತ ರೈತ ‘ನನ್ನ ಕೈಗುಣವೇ ಸರಿಯಿಲ್ಲ’ ಎಂದುಕೊಂಡರೆ ಮಳೆ, ಬೆಳೆವಿಮೆ, ಬಡ್ಡಿ, ಮಾರುಕಟ್ಟೆ ಯಾವುದೂ ಕಟಕಟೆಗೆ ಬರುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿ ಹೊತ್ತಿಗೆ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಅದು 90 ಆಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ಬೆನ್ನುನೋವು ತಂದುಕೊಂಡ ಇಂಜಿನಿಯರ್, ಕೆಲಸ ಹೋದ ದಿನ, ಕಂಪನಿಯ ಲೆಕ್ಕಾಚಾರವನ್ನು ಪ್ರಶ್ನಿಸುವ ಮೊದಲು ತನ್ನನ್ನೇ ಶಪಿಸಿಕೊಳ್ಳುತ್ತಾನೆ: ಹೊಸದೇನನ್ನೂ ಕಲಿಯಲಿಲ್ಲ, ಇನ್ನಷ್ಟು ದುಡಿಯಬೇಕಿತ್ತು. ತನ್ನ ಮೇಲೆ ತಾನೇ ಗೂಬೆ ಕೂರಿಸಿಕೊಳ್ಳುವ ಇಂಥ ಆಳು ಸಿಕ್ಕರೆ ಯಾವ ಯಜಮಾನನಿಗೆ ಬೇಡ? ಪುಕ್ಕಟೆ ಮೇಸ್ತ್ರಿ ಅವನ ತಲೆಯೊಳಗೇ ಕೂತಿದ್ದಾನೆ.

ಹೆಂಗಸರ ಪಾಡು ಇದಕ್ಕಿಂತ ಒಂದು ಕೈ ಮೇಲು. ನಮ್ಮ ಪಕ್ಕದ ಮನೆಯಲ್ಲಿ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೊಸೆ ನನ್ನ ಹೆಂಡತಿಯ ಬಳಿ ಬಂದು ಅಡುಗೆಮನೆ ಕಟ್ಟೆಗೆ ಒರಗಿ ನಿಂತು ಅಳುತ್ತಿದ್ದಳು.

‘ಐದು ನಿಮಿಷ ಆ ಫೋನ್ ಬದಿಗಿಟ್ಟಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಕ್ಕ. ನನ್ನಂಥ ಸೊಸೆ ಯಾರಿಗೂ ಬೇಡ.’

‘ಅಲ್ಲ ಕಣೇ, ನಮ್ಮ ಮಾವ ಮೆಟ್ಟಿಲ ಮೇಲೆ ಬಿದ್ದಾಗ ನೀನು ನನಗೇನಂದೆ? ನಿಮ್ಮಂಥ ಸೊಸೆ ಬೇಡ ಅಂದ್ಯಾ?’

‘ಛೆ, ನಿಮಗೆ ಹಾಗಂತೀನಾ ಅಕ್ಕ.’

‘ಮತ್ತೆ? ಅತ್ತೆ ಆಸ್ಪತ್ರೆಯಿಂದ ಬರೋದ್ರೊಳಗೆ ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸು. ಆ ನೆಲದ ಟೈಲ್ಸು ಜಾರತ್ತೆ ಅಂತ ನನಗೂ ಗೊತ್ತು. ಪ್ಲಂಬರ್ ನಂಬರ್ ಕೊಡ್ತೀನಿ ತಡಿ.’

ಅವಳ ಅಳು ನಿಲ್ಲುವ ತನಕ ಕಂಬಿಯ ಯೋಚನೆ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಮಗನಿಗೂ ಬಂದಿರಲಿಲ್ಲ. ಟೈಲ್ಸ್ ಆರಿಸಿದವನು ಅವನೇ, ಅವನು ತನ್ನನ್ನು ಬೈದುಕೊಂಡದ್ದಂತೂ ನಾನು ಕೇಳಲಿಲ್ಲ. ಸೊಸೆಯೊಬ್ಬಳು ಪೂರ್ತಿ ತಪ್ಪು ಹೊತ್ತುಕೊಂಡರೆ ಉಳಿದವರು ನಿರಾಳ.

ಒಂದು ಮಾತು ಬಿಡುವಂತಿಲ್ಲ. ಕೆಲವರಿಗೆ ಈ ಒಳಗಿನ ಬೈಗುಳ ಬರೀ ಚಟವಲ್ಲ, ಖಿನ್ನತೆಯ ಲಕ್ಷಣ. ವಾರಗಟ್ಟಲೆ ನಿದ್ದೆ, ಹಸಿವು ಕೆಟ್ಟು, ತಾನು ಇದ್ದೇನು ಪ್ರಯೋಜನ ಎನ್ನುವ ಹಂತ ಮುಟ್ಟಿದವರಿಗೆ ‘ನಿನ್ನ ಮೇಲೆ ನೀನು ದಯೆ ತೋರು’ ಎಂದು ಉಪದೇಶಿಸುವುದೂ ಇನ್ನೊಂದು ಹೊರೆಯಾದೀತು. ಅವರಿಗೆ ಬೇಕಾದದ್ದು ವೈದ್ಯರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ, 14416, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ.

ಉಳಿದ ನಮಗೆ, ಮುಖ್ಯವಾಗಿ ಮಕ್ಕಳಿರುವ ಮನೆಗಳಿಗೆ, ಒಂದು ಕೋರಿಕೆ. ರಾಜ್ಯದಲ್ಲಿ 2024ರಿಂದ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಇದರಿಂದ ಮಕ್ಕಳಿಗೆ ಭಯ ಹೋಯಿತು, ಸೋಮಾರಿಗಳಾಗುತ್ತಾರೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಗೊಣಗುವವರನ್ನು ಕೇಳಿದ್ದೇನೆ. ಈ ಲೇಖನದ ಉದ್ದಕ್ಕೂ ನಾನು ಎದುರಿಸಿದ ವಾದ ಅದೇ, ಸೋತವನಿಗೆ ಸೋಲು ಸಾಲದು, ಮೇಲೆ ನಾಚಿಕೆಯೂ ಆಗಬೇಕು ಎನ್ನುವುದು. ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಈ ಸಲ ಫಲಿತಾಂಶ ಬಂದು ಅಂಕ ಕಡಿಮೆಯಾಗಿದ್ದರೆ, ಮಗ ಅಥವಾ ಮಗಳು ತನ್ನನ್ನು ತಾನು ಹಳಿದುಕೊಳ್ಳಲು ಶುರುಮಾಡಿದರೆ, ನೀವೂ ದನಿಗೂಡಿಸಬೇಡಿ, ಸುಮ್ಮನೆ ಹೊಗಳಲೂ ಬೇಡಿ. ಮಂಡಳಿಗೆ ಅರ್ಜಿ ಹಾಕಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ಪಕ್ಕದಲ್ಲಿ ಕೂತು ಯಾವ ಪ್ರಶ್ನೆಗೆ ಎಷ್ಟು ಅಂಕ ಹೋಗಿದೆ ಎಂದು ಜೊತೆಯಲ್ಲೇ ನೋಡಿ. ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸುವ ಕೊನೆಯ ದಿನಾಂಕ ಮರೆಯಬೇಡಿ.